ಭತ್ತದ ಗದ್ದೆಯ ಪರಿಸರಭಾರ: ಅಳತೆಯ ಕ್ರಮ ಮತ್ತು ಅದರ ತೊಡಕುಗಳು

ಬೆಳೆಯನ್ನು ಕೊಳಗ ಖಂಡುಗಗಳಲ್ಲಿ ಅಳೆಯುವುದು, ನೆಲವನ್ನು ಅದರಲ್ಲಿ ಬಿತ್ತಬಹುದಾದ ಬೀಜದ ಪ್ರಮಾಣದಿಂದಲೇ ಗುರುತಿಸುವುದು ನಮ್ಮ ನಾಡಿನಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಒಂದು ಖಂಡುಗ ಗದ್ದೆ ಎಂದಾಗ ನೆಲ ಮತ್ತು ಬೀಜ ಎರಡೂ ಒಂದೇ ಮಾತಿನಲ್ಲಿ ಅಡಕವಾಗಿರುತ್ತಿದ್ದವು. ಈಗ ವಿಜ್ಞಾನಿಗಳು ಬೇರೊಂದು ಬಗೆಯ ಲೆಕ್ಕವನ್ನು ಕೇಳುತ್ತಿದ್ದಾರೆ. ಒಂದು ಕಿಲೋ ಅಕ್ಕಿ ಬೆಳೆದು, ಮಿಲ್ಲಿನಲ್ಲಿ ಹದಗೊಂಡು, ಅಂಗಡಿಯನ್ನು ಸೇರುವಷ್ಟರಲ್ಲಿ ಎಷ್ಟು ನೆಲ ಬಳಕೆಯಾಯಿತು, ಎಷ್ಟು ನೀರು ವ್ಯಯವಾಯಿತು, ವಾಯುಮಂಡಲಕ್ಕೆ ಎಷ್ಟು ತಾಪಕಾರಕ ಅನಿಲ ಸೇರಿತು, ಹೊಳೆಕೆರೆಗಳಿಗೆ ಎಷ್ಟು ಗೊಬ್ಬರದ ಸಾರ ಹರಿದುಹೋಯಿತು ಎಂಬುದು ಆ ಲೆಕ್ಕದ ಬಾಬುಗಳು. ಈ ಲೆಕ್ಕ ಯಾರು ಹಾಕುತ್ತಾರೆ, ಹೇಗೆ ಹಾಕುತ್ತಾರೆ ಎಂಬುದರ ಮೇಲೆ ರಾಷ್ಟ್ರರಾಷ್ಟ್ರಗಳ ನಡುವಣ ವಾದವಿವಾದಗಳೇ ನಿಂತಿರುವುದರಿಂದ, ಅದರ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕವಾಗಿದೆ. ಪ್ರಕೃತ ಲೇಖನದಲ್ಲಿ ಮುಖ್ಯವಾಗಿ ಭತ್ತದ ಗದ್ದೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಒಂದು ವಸ್ತು ಹುಟ್ಟಿದಲ್ಲಿಂದ ಅಳಿಯುವವರೆಗೆ ಪರಿಸರದ ಮೇಲೆ ಮಾಡುವ ಪರಿಣಾಮಗಳನ್ನು ಒಟ್ಟುಗೂಡಿಸಿ ನೋಡುವ ಕ್ರಮಕ್ಕೆ ಜೀವನಚಕ್ರ ಮಾಪನವೆಂದು ಹೆಸರು. ೧೯೬೯ರಲ್ಲಿ ಅಮೆರಿಕದ ಒಂದು ತಂಪುಪಾನೀಯ ಕಂಪನಿಗಾಗಿ ಬಾಟಲಿಗಳನ್ನು ಕುರಿತು ನಡೆದ ಅಧ್ಯಯನ ಇದರ ಆದಿರೂಪಗಳಲ್ಲಿ ಒಂದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಇದಕ್ಕೆ ಸೂತ್ರಗಳನ್ನು ರಚಿಸಿದೆ. ಸದ್ಯ ಬಳಕೆಯಲ್ಲಿರುವ ೧೪೦೪೦ ಮತ್ತು ೧೪೦೪೪ನೆಯ ಮಾನಕಗಳು ೨೦೦೬ರಲ್ಲಿ ಹೊರಬಂದವು. ಲೆಕ್ಕ ಹಾಕುವವನು ಮೊದಲು ಎರಡು ಸಂಗತಿಗಳನ್ನು ನಿರ್ಧರಿಸಿಕೊಳ್ಳಬೇಕು. ಯಾವುದಕ್ಕೆ ಪ್ರತಿಯಾಗಿ ಅಳೆಯುತ್ತೇವೆ ಎಂಬುದು ಒಂದು: ಕಿಲೋ ಒಂದಕ್ಕೋ, ಎಕರೆಯೊಂದಕ್ಕೋ, ನೂರು ಗ್ರಾಂ ಪ್ರೋಟೀನಿಗೋ? ಎಲ್ಲಿಂದ ಎಲ್ಲಿಯವರೆಗೆ ಅಳೆಯುತ್ತೇವೆ ಎಂಬುದು ಇನ್ನೊಂದು: ಹೊಲದ ಬದುವಿನವರೆಗೋ, ಅಂಗಡಿಯವರೆಗೋ, ಅನ್ನ ಬೆಂದು ಉಳಿದದ್ದು ತಿಪ್ಪೆಗೆ ಹೋಗುವವರೆಗೋ? ಈ ಎರಡು ನಿರ್ಧಾರಗಳು ಮೇಲುನೋಟಕ್ಕೆ ಕೇವಲ ತಾಂತ್ರಿಕವಾಗಿ ಕಾಣುತ್ತವೆ. ಫಲಿತಾಂಶದ ಅರ್ಧಭಾಗ ಇಲ್ಲಿಯೇ ತೀರ್ಮಾನವಾಗಿಬಿಡುತ್ತದೆಂದರೆ ಅತಿಶಯೋಕ್ತಿಯಾಗದು.

ಎರಡನೆಯದಕ್ಕೆ ಒಂದು ಸ್ಪಷ್ಟ ನಿದರ್ಶನವುಂಟು. ಆಕ್ಸ್‌ಫರ್ಡಿನ ಜೋಸೆಫ್ ಪೂರ್ ಮತ್ತು ಸ್ವಿಟ್ಜರ್ಲೆಂಡಿನ ಥಾಮಸ್ ನೆಮೆಚೆಕ್ ಎಂಬ ವಿದ್ವಾಂಸರು ೧೧೯ ದೇಶಗಳ ಸುಮಾರು ೩೮,೭೦೦ ಹೊಲಗಳ ವಿವರಗಳನ್ನು ಒಟ್ಟುಮಾಡಿ, ೪೦ ಬಗೆಯ ಆಹಾರಪದಾರ್ಥಗಳ ಲೆಕ್ಕವನ್ನು ೨೦೧೮ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಪ್ರಕಾರ ಆಹಾರದಿಂದ ಉಂಟಾಗುವ ತಾಪಕಾರಕ ಅನಿಲಗಳ ಮೊತ್ತ, ಇಂಗಾಲದ ಡೈಆಕ್ಸೈಡಿನ ಮಾನಕ್ಕೆ ಪರಿವರ್ತಿಸಿದರೆ, ವರ್ಷಕ್ಕೆ ೧,೩೭೦ ಕೋಟಿ ಟನ್ನು. ಅಂದರೆ ಮಾನವಕೃತವಾದ ಒಟ್ಟು ಅನಿಲದಲ್ಲಿ ಶೇಕಡಾ ೨೬. ಮೂರು ವರ್ಷಗಳ ಅನಂತರ, ೨೦೨೧ರಲ್ಲಿ, ಯೂರೋಪಿನ ಇನ್ನೊಂದು ವಿದ್ವತ್ತಂಡ ೨೦೧೫ನೆಯ ವರ್ಷಕ್ಕೆ ಇದೇ ಲೆಕ್ಕವನ್ನು ಹಾಕಿ ೧,೮೦೦ ಕೋಟಿ ಟನ್ನು, ಶೇಕಡಾ ೩೪ ಎಂದು ಹೇಳಿತು. ಇಬ್ಬರಲ್ಲಿ ಒಬ್ಬರು ತಪ್ಪಿದ್ದಾರೆಂದು ಭಾವಿಸಬೇಕಾಗಿಲ್ಲ. ಮೊದಲಿನವರು ಅಂಗಡಿಯ ಬಾಗಿಲಿಗೆ ಗೆರೆ ಎಳೆದರು. ಎರಡನೆಯವರು ಅಡಿಗೆಯ ಒಲೆಯನ್ನೂ ಕೊಳೆತು ಹೋದ ಆಹಾರವನ್ನೂ ಒಳಗೆ ಸೇರಿಸಿಕೊಂಡರು. ಪೂರ್ ಮತ್ತು ನೆಮೆಚೆಕರ ಲೇಖನದಲ್ಲಿ ಸರಾಸರಿಗಿಂತ ಗಮನಾರ್ಹವಾದ ಬೇರೊಂದು ಅಂಶವಿದೆ. ಒಂದೇ ಪದಾರ್ಥವನ್ನು ಬೆಳೆಯುವ ಇಬ್ಬರು ಉತ್ಪಾದಕರ ನಡುವೆ ಪರಿಸರಭಾರದಲ್ಲಿ ಐವತ್ತು ಪಟ್ಟು ಅಂತರವಿರಬಹುದೆಂದು ಅವರು ತೋರಿಸಿದ್ದಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಭತ್ತದ ಕಡೆಗೆ ಬರೋಣ.

ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಗಾಳಿಯ ಆಮ್ಲಜನಕ ಮಣ್ಣಿಗೆ ಇಳಿಯುವುದು ನಿಂತುಹೋಗುತ್ತದೆ. ಮಣ್ಣಿನಲ್ಲಿ ಮೊದಲೇ ಇದ್ದ ಅಲ್ಪಸ್ವಲ್ಪ ಆಮ್ಲಜನಕವನ್ನು ಸೂಕ್ಷ್ಮಾಣುಜೀವಿಗಳು ಕೆಲವೇ ಗಂಟೆಗಳಲ್ಲಿ ಮುಗಿಸಿ, ಆ ಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಹೀಗೆ ಒಂದೊಂದನ್ನೇ ಉಸಿರಾಟಕ್ಕೆ ಬಳಸಿಕೊಳ್ಳುತ್ತ ಹೋಗುತ್ತವೆ. ಇವೆಲ್ಲ ತೀರಿದ ಬಳಿಕ, ಆಮ್ಲಜನಕವನ್ನು ಸಹಿಸದ ಒಂದು ಜಾತಿಯ ಪ್ರಾಚೀನ ಸೂಕ್ಷ್ಮಜೀವಿಗಳು ತಲೆಯೆತ್ತಿ, ಕೊಳೆತ ಕೂಳೆ, ಹಸಿರೆಲೆ ಗೊಬ್ಬರ, ಬೇರಿನ ಸ್ರಾವ ಇವುಗಳಿಂದ ಮೀಥೇನ್ ಅನಿಲವನ್ನು ಉತ್ಪತ್ತಿಮಾಡುತ್ತವೆ. ಕೆಸರನ್ನು ತುಳಿದಾಗ ಮೇಲೇಳುವ ಗುಳ್ಳೆಗಳಲ್ಲಿ ಇರುವುದು ಬಹುಮಟ್ಟಿಗೆ ಇದೇ. ಆದರೆ ಗುಳ್ಳೆಗಳ ಮೂಲಕ ಹೊರಬರುವ ಪಾಲು ಸಣ್ಣದು. ಅನಿಲದ ಬಹುಭಾಗ ಭತ್ತದ ಗಿಡದ ಒಳಗಿನ ಗಾಳಿಕೊಳವೆಗಳ ಮೂಲಕವೇ ವಾತಾವರಣಕ್ಕೆ ಸೇರುತ್ತದೆ. ನೀರಿನಲ್ಲಿ ಮುಳುಗಿದ ಬೇರಿಗೆ ಉಸಿರು ಇಳಿಯಲೆಂದು ಪ್ರಕೃತಿ ನಿರ್ಮಿಸಿದ ಮಾರ್ಗವೇ ಕೆಸರಿನ ಅನಿಲಕ್ಕೆ ಹೊಗೆಕೊಳವೆಯೂ ಆಗಿದೆ. ಇದನ್ನು ತಿಳಿದರೆ ಒಂದು ವಿಷಯ ತಾನಾಗಿ ವಿಶದವಾಗುತ್ತದೆ: ಗದ್ದೆ ನಡುವೆ ಒಮ್ಮೆ ಬತ್ತಿದರೂ ಸಾಕು, ಆಮ್ಲಜನಕ ಒಳನುಗ್ಗಿ ಈ ಸರಪಳಿ ಮೊದಲಿನಿಂದ ಆರಂಭವಾಗಬೇಕಾಗುತ್ತದೆ.

ಇದನ್ನು ಅಳೆಯುವ ಉಪಕರಣ ಸರಳವಾದುದು. ಪಾರದರ್ಶಕವಾದ ಒಂದು ಪೆಟ್ಟಿಗೆಯನ್ನು ಕೆಲವು ಬುಡಗಳ ಮೇಲೆ ಮಗುಚಿ, ಅಂಚು ನೀರಿನಲ್ಲಿ ಮುಳುಗುವಂತೆ ಇಡುತ್ತಾರೆ. ಒಳಗಿನ ಗಾಳಿಯನ್ನು ಹದಿನೈದು ಹದಿನೈದು ನಿಮಿಷಗಳಿಗೊಮ್ಮೆ ಪಿಚಕಾರಿಯಿಂದ ಎಳೆದು ಸೀಸೆಯಲ್ಲಿ ಭದ್ರಪಡಿಸಿ, ಪ್ರಯೋಗಶಾಲೆಯಲ್ಲಿ ಅದರ ಮೀಥೇನ್ ಪ್ರಮಾಣವನ್ನು ಕಂಡುಹಿಡಿಯುತ್ತಾರೆ. ಪ್ರಮಾಣ ಏರುವ ವೇಗದಿಂದ, ಒಂದು ಚದರ ಮೀಟರು ಗದ್ದೆ ಒಂದು ಗಂಟೆಯಲ್ಲಿ ಎಷ್ಟು ಮಿಲಿಗ್ರಾಂ ಅನಿಲವನ್ನು ಬಿಡುತ್ತದೆಂಬುದು ಗೊತ್ತಾಗುತ್ತದೆ. ತೊಡಕಿರುವುದು ಪೆಟ್ಟಿಗೆಯಲ್ಲಿ ಅಲ್ಲ, ಗುಣಾಕಾರದಲ್ಲಿ. ಒಂದು ಚದರ ಮೀಟರಿನ ಅಂಕಿಯನ್ನು ಕೋಟ್ಯಂತರ ಹೆಕ್ಟೇರಿಗೆ ಹಿಗ್ಗಿಸಬೇಕು. ಮಧ್ಯಾಹ್ನದ ಒಂದು ಗಂಟೆಯನ್ನು ನೂರು ದಿನಗಳಿಗೆ ಎಳೆಯಬೇಕು.

ಈ ಗುಣಾಕಾರದಿಂದ ಎಂತಹ ಅನರ್ಥ ಸಂಭವಿಸಬಹುದೆಂಬುದಕ್ಕೆ ನಮ್ಮ ದೇಶದ ಪ್ರಕರಣವೇ ಸಾಕ್ಷಿ. ಗದ್ದೆಯ ಮೀಥೇನನ್ನು ಪೆಟ್ಟಿಗೆಯಿಟ್ಟು ಅಳೆಯುವ ಕೆಲಸ ೧೯೮೦ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದು, ಆ ಬಳಿಕ ಸ್ಪೇನ್ ಮತ್ತು ಇಟಲಿಗಳಿಗೆ ಹರಡಿತು. ಈ ಪಾಶ್ಚಾತ್ಯ ಅಳತೆಗಳನ್ನು ಆಧಾರವಾಗಿಟ್ಟುಕೊಂಡು, ೧೯೯೦ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ ೩ ಕೋಟಿ ೭೮ ಲಕ್ಷ ಟನ್ನು ಮೀಥೇನನ್ನು ಬಿಡುತ್ತವೆಂದು ಅಂದಾಜು ಮಾಡಿತು. ಅದೇ ವೇಳೆಗೆ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ತನ್ನ ವರದಿಯಲ್ಲಿ, ಭೂಮಿಯನ್ನು ಕಾಯಿಸುತ್ತಿರುವ ದೇಶಗಳ ಸಾಲಿನಲ್ಲಿ ಭಾರತಕ್ಕೆ ಐದನೆಯ ಸ್ಥಾನವನ್ನು ಕೊಟ್ಟಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ೧೯೯೧ರಲ್ಲಿ ಇದನ್ನು ತೀವ್ರವಾಗಿ ಖಂಡಿಸಿದರು. ಬಡವನು ಹೊಟ್ಟೆಪಾಡಿಗಾಗಿ ಬೆಳೆವ ಭತ್ತದ ಮೀಥೇನನ್ನೂ ಧನಿಕನು ಸುಖಕ್ಕಾಗಿ ಓಡಿಸುವ ಮೋಟಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂಬುದು ಅವರ ಆಕ್ಷೇಪದ ತಿರುಳು.

ನ್ಯಾಯದ ಪ್ರಶ್ನೆ ಹಾಗಿರಲಿ. ಅಂಕಿಯೇ ಸರಿಯಲ್ಲವೆಂಬ ಸಂಶಯ ಭೌತವಿಜ್ಞಾನಿ ಎ. ಪಿ. ಮಿತ್ರ ಅವರನ್ನು ಕಾಡಿತು. ಅವರ ನೇತೃತ್ವದಲ್ಲಿ, ದೆಹಲಿಯ ರಾಷ್ಟ್ರೀಯ ಭೌತಪ್ರಯೋಗಶಾಲೆ ಮುಂತಾದ ಸಂಸ್ಥೆಗಳು ಸೇರಿ ೧೯೯೧ರಲ್ಲಿ ದೇಶದ ನಾನಾ ಭಾಗಗಳ ಗದ್ದೆಗಳಲ್ಲಿ ಪೆಟ್ಟಿಗೆಗಳನ್ನಿಟ್ಟು ಅಳತೆ ನಡೆಸಿದವು. ಹೊರಬಂದ ಮೊತ್ತ ಸುಮಾರು ೪೦ ಲಕ್ಷ ಟನ್ನು. ಅಮೆರಿಕದ ಅಂದಾಜಿನ ಒಂಬತ್ತನೆಯ ಒಂದು ಪಾಲು. ಆಗ ದೇಶದಲ್ಲಿ ಭತ್ತದ ಕ್ಷೇತ್ರ ಸುಮಾರು ೪ ಕೋಟಿ ೨೦ ಲಕ್ಷ ಹೆಕ್ಟೇರು. ಮೊದಲಿನ ಅಂಕಿಯಂತೆ ಹೆಕ್ಟೇರಿಗೆ ೯೦೦ ಕಿಲೋ ಮೀಥೇನ್ ಬಂದರೆ, ನೇರವಾಗಿ ಅಳೆದಾಗ ೯೫ ಕಿಲೋ ಬಂದಿತು. ಕಾರಣ ಗೂಢವಾದುದೇನಲ್ಲ. ಇಟಲಿಯ ಗದ್ದೆಯಲ್ಲಿ ಸಸಿಯಿಂದ ತೆನೆಯವರೆಗೆ ನೀರು ನಿಂತಿರುತ್ತದೆ. ನಮ್ಮಲ್ಲಿ ಅರ್ಧಕ್ಕೆ ಹತ್ತಿರದ ಭತ್ತ ಮಳೆಯನ್ನೇ ನಂಬಿದ್ದು, ಗದ್ದೆ ನಡುನಡುವೆ ಬಿರುಕು ಬಿಡುತ್ತದೆ. ಮಣ್ಣಿನ ಸಾವಯವ ಅಂಶವೂ ಕಡಿಮೆ. ೧೯೯೪ನೆಯ ವರ್ಷಕ್ಕಾಗಿ ಭಾರತ ವಿಶ್ವಸಂಸ್ಥೆಗೆ ಒಪ್ಪಿಸಿದ ಅಧಿಕೃತ ಲೆಕ್ಕದಲ್ಲಿ ೪೦ ಲಕ್ಷ ೯೦ ಸಾವಿರ ಟನ್ನೆಂದು ದಾಖಲಾಗಿದೆ. ಇಂದು ಇಡೀ ಜಗತ್ತಿನ ಭತ್ತದ ಗದ್ದೆಗಳ ಮೀಥೇನ್ ಸುಮಾರು ೩ ಕೋಟಿ ಟನ್ನೆಂದು ವಿದ್ವಾಂಸರು ಅಂಗೀಕರಿಸಿರುವುದನ್ನು ನೋಡಿದರೆ, ೧೯೯೦ರಲ್ಲಿ ಭಾರತವೊಂದರ ತಲೆಯ ಮೇಲೆ ಹೊರಿಸಿದ್ದು ಜಗತ್ತಿನ ಸಮಸ್ತ ಭಾರಕ್ಕಿಂತಲೂ ಹೆಚ್ಚಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಆ ಪಾಠ ವ್ಯರ್ಥವಾಗಲಿಲ್ಲ. ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರಕಾರೀ ಮಂಡಳಿ ೨೦೦೬ರಲ್ಲಿ ಕೊಟ್ಟ ಸೂತ್ರದಲ್ಲಿ, ಸದಾ ನೀರು ನಿಂತ ಗದ್ದೆಗೆ ಹೆಕ್ಟೇರೊಂದಕ್ಕೆ ದಿನಕ್ಕೆ ೧.೩೦ ಕಿಲೋ ಮೀಥೇನೆಂದು ಮೂಲಮಾನವನ್ನು ಇಟ್ಟು, ನೀರಿನ ಸ್ಥಿತಿಗೆ ತಕ್ಕಂತೆ ಅದನ್ನು ಇಳಿಸುವ ಗುಣಕಗಳನ್ನು ಕೊಟ್ಟಿದ್ದಾರೆ. ಒಮ್ಮೆ ಬಸಿದ ಗದ್ದೆಗೆ ೦.೬೦, ಹಲವು ಸಲ ಬಸಿದುದಕ್ಕೆ ೦.೫೨, ಮಳೆಯಾಶ್ರಿತ ಗದ್ದೆಗೆ ೦.೨೮. ೨೦೧೯ರಲ್ಲಿ ಇವು ಪರಿಷ್ಕೃತವಾಗಿ, ದಕ್ಷಿಣ ಏಷ್ಯಾಕ್ಕೆ ಪ್ರತ್ಯೇಕವಾದ ಕಡಿಮೆ ಮೂಲಮಾನವೂ ಬಂದಿದೆ. ಲೆಕ್ಕದ ಸ್ವರೂಪವನ್ನು ತಿಳಿಯಲು ೨೦೦೬ರ ಅಂಕಿಗಳೇ ಸಾಕು.

ಕಾಲುವೆಯ ನೀರುಂಡು ನೂರು ದಿನ ನಿಂತ ಒಂದು ಹೆಕ್ಟೇರು ಗದ್ದೆಯನ್ನು ಭಾವಿಸಿಕೊಳ್ಳೋಣ. ಅದರಿಂದ ೧೩೦ ಕಿಲೋ ಮೀಥೇನ್. ನೂರು ವರ್ಷಗಳ ಅವಧಿಯಲ್ಲಿ ಒಂದು ಕಿಲೋ ಮೀಥೇನ್ ೨೭ ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮವೆಂದು ಹಿಡಿದರೆ ೩,೫೧೦ ಕಿಲೋ. ಇಳುವರಿ ೫,೦೦೦ ಕಿಲೋ ಆದರೆ ಕಿಲೋ ಭತ್ತಕ್ಕೆ ೦.೭೦ ಬೀಳುತ್ತದೆ. ಪಕ್ಕದಲ್ಲಿ ಮಳೆಯನ್ನೇ ನಂಬಿದ ಇನ್ನೊಂದು ಹೆಕ್ಟೇರು ಇದೆಯೆನ್ನೋಣ. ಅದರ ಮೀಥೇನ್ ೩೬.೪ ಕಿಲೋ, ಸಮಮಾನ ಸುಮಾರು ೯೮೩ ಕಿಲೋ. ಎಕರೆಯ ಲೆಕ್ಕದಲ್ಲಿ ನೋಡಿದರೆ ಇದು ಮೊದಲಿನ ಗದ್ದೆಗಿಂತ ಮೂರೂವರೆ ಪಟ್ಟು ನಿರ್ದೋಷಿ. ೨,೦೦೦ ಕಿಲೋ ಇಳುವರಿ ಬಂದರೆ ಕಿಲೋಗೆ ೦.೪೯, ಅಂತರ ಆಗಲೇ ಕುಗ್ಗಿತು. ಮಳೆ ಕೈಕೊಟ್ಟು ೧,೦೦೦ ಕಿಲೋ ಮಾತ್ರ ಬಂದರೆ ಕಿಲೋಗೆ ೦.೯೮! ಗದ್ದೆ ಅದೇ, ಅನಿಲ ಅಷ್ಟೇ. ಬರಗಾಲದಲ್ಲಿ ನೊಂದ ರೈತನು ಕಿಲೋ ಲೆಕ್ಕದಲ್ಲಿ ಹೆಚ್ಚು ಮಲಿನಕಾರಿಯೆನಿಸಿಕೊಂಡನು. ಕಿಲೋ ಲೆಕ್ಕ ಸುಳ್ಳೆಂದು ಇದರ ಅರ್ಥವಲ್ಲ. ಜನಕ್ಕೆ ಬೇಕಾದದ್ದು ಅಕ್ಕಿಯಾದ್ದರಿಂದ ಆ ಲೆಕ್ಕಕ್ಕೂ ಸ್ಥಾನವಿದೆ. ಆದರೆ ಯಾವ ಭಾಜಕದಿಂದ ಭಾಗಿಸಿದ್ದೆಂದು ತಿಳಿಸದೆ ಬರಿಯ ಫಲಿತಾಂಶವನ್ನು ಮುಂದಿಡುವ ಬರಹಗಳನ್ನು ವಾಚಕರು ಎಚ್ಚರಿಕೆಯಿಂದ ನೋಡಬೇಕು.

ಮೇಲಿನ ಲೆಕ್ಕದಲ್ಲಿ ೨೭ ಎಂಬ ಅಂಕಿಯನ್ನು ಮೌನವಾಗಿ ಒಳಸೇರಿಸಿದ್ದಾಯಿತು. ಅದೂ ವಿಚಾರಾರ್ಹವೇ. ಇಂಗಾಲದ ಡೈಆಕ್ಸೈಡ್ ಒಮ್ಮೆ ಸೇರಿದರೆ ಅದರ ಒಂದು ಭಾಗ ಸಾವಿರಾರು ವರ್ಷ ಉಳಿಯುತ್ತದೆ. ಮೀಥೇನಿನ ಆಯುಸ್ಸು ಸುಮಾರು ಹನ್ನೆರಡು ವರ್ಷ. ಇದ್ದಷ್ಟು ಕಾಲ ಅದರ ತಾಪ ಉಗ್ರ. ನೂರು ವರ್ಷಗಳ ಮೇಲೆ ಹರಡಿ ನೋಡಿದರೆ ೨೭ ಪಟ್ಟು. ಇಪ್ಪತ್ತು ವರ್ಷಗಳಿಗೆ ಸೀಮಿತಗೊಳಿಸಿದರೆ ಸುಮಾರು ೮೦ ಪಟ್ಟು. ಆಗ ನಮ್ಮ ಹೆಕ್ಟೇರಿನ ಭಾರ ೩,೫೧೦ ಕಿಲೋ ಇದ್ದದ್ದು ೧೦,೪೦೦ ಕಿಲೋ ಆಗುತ್ತದೆ. ಶತಮಾನಗಳಿಂದ ಒಂದೇ ಪ್ರಮಾಣದಲ್ಲಿ ಭತ್ತ ಬೆಳೆಯುತ್ತಿರುವ ಬಯಲಿನಲ್ಲಿ ಹೊಸ ಮೀಥೇನ್ ಹಳೆಯದರ ಸ್ಥಾನವನ್ನು ತುಂಬುತ್ತದೆಯೇ ಹೊರತು ರಾಶಿ ಬೆಳೆಯುವುದಿಲ್ಲ, ಆದ್ದರಿಂದ ಹೊಗೆಗಾಡಿಯ ಇಂಗಾಲದೊಡನೆ ಅದನ್ನು ಹೀಗೆ ಸಮೀಕರಿಸುವುದೇ ಸಲ್ಲದೆಂದು ಆಕ್ಸ್‌ಫರ್ಡಿನ ಮೈಲ್ಸ್ ಆಲನ್ ಮೊದಲಾದವರು ಬೇರೊಂದು ಮಾನವನ್ನೇ ಸೂಚಿಸಿದ್ದಾರೆ. ಈ ವಾದದಲ್ಲಿ ಹುರುಳಿದೆ. ಆದರೆ ಅದನ್ನೇ ಹಿಡಿದು, ಹಿಂದೆ ಯಥೇಚ್ಛವಾಗಿ ದನಸಾಕಣೆ ಮಾಡಿದ ಶ್ರೀಮಂತ ದೇಶಗಳು ಅಲ್ಪ ಇಳಿಕೆಯನ್ನೇ ಮಹಾತ್ಯಾಗವೆಂದು ತೋರಿಸಿಕೊಳ್ಳಲು ಅವಕಾಶವಿರುವುದನ್ನೂ ಮರೆಯಲಾಗದು.

ಇನ್ನು ಪರಿಹಾರದ ಮಾತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚುರಪಡಿಸಿದ ಕ್ರಮದಲ್ಲಿ, ರಂಧ್ರಗಳಿರುವ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳುತ್ತಾರೆ. ಅದರೊಳಗೆ ನೀರು ನೆಲಮಟ್ಟಕ್ಕಿಂತ ೧೫ ಸೆಂಟಿಮೀಟರು ಕೆಳಗಿಳಿದಾಗ ಮಾತ್ರ ಪುನಃ ನೀರು ಕಟ್ಟುವುದು. ನಮ್ಮ ಸೂತ್ರದ ಪ್ರಕಾರ ೧೩೦ ಕಿಲೋ ಮೀಥೇನ್ ೬೭.೬ಕ್ಕೆ ಇಳಿದು, ೧,೬೮೫ ಕಿಲೋ ಭಾರ ಉಳಿತಾಯವಾಗುತ್ತದೆ. ಆದರೆ ಗದ್ದೆ ಒಣಗಿ ನೆನೆಯುವಾಗ ಯೂರಿಯಾದ ಸಾರಜನಕ ನೈಟ್ರಸ್ ಆಕ್ಸೈಡಾಗಿ ಹಾರಿಹೋಗುತ್ತದೆ. ಇದರ ತಾಪಶಕ್ತಿ ೨೭೩ ಪಟ್ಟು, ಆಯುಸ್ಸು ನೂರು ವರ್ಷಕ್ಕೂ ಮೇಲು. ಹೆಕ್ಟೇರಿಗೆ ೧೦೦ ಕಿಲೋ ಸಾರಜನಕ ಹಾಕಿದಲ್ಲಿ, ೨೦೦೬ರ ಸೂತ್ರದಂತೆ ನಿಂತ ನೀರಿನಲ್ಲಿ ಇದರ ಭಾರ ಸುಮಾರು ೧೩೦ ಕಿಲೋ, ಒಣನೆಲದಲ್ಲಿ ೪೩೦ ಕಿಲೋ. ಮುನ್ನೂರು ತೆತ್ತು ಸಾವಿರದ ಆರುನೂರನ್ನು ಉಳಿಸಿದಂತಾಯಿತು, ವ್ಯಾಪಾರ ಲಾಭಕರವೇ. ಆದರೆ ೨೦೧೮ರಲ್ಲಿ ಪ್ರಕಟವಾದ, ದಕ್ಷಿಣ ಭಾರತದ ಗದ್ದೆಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಪದೇಪದೇ ಒಣಗಿಸಿದ ಕೆಲವು ಕಡೆ ಒಂದು ಹಂಗಾಮಿಗೆ ಹೆಕ್ಟೇರಿಗೆ ೩೩ ಕಿಲೋವರೆಗೆ ನೈಟ್ರಸ್ ಆಕ್ಸೈಡ್ ಕಂಡುಬಂದಿತು. ಅದರ ಸಮಮಾನ ಸುಮಾರು ೯,೦೦೦ ಕಿಲೋ! ಅಂತಹ ಗದ್ದೆಯಲ್ಲಿ ನೀರು ಬಸಿದು ಮಾಡಿದ ಉಪಕಾರವೆಲ್ಲ ಗೊಬ್ಬರದ ಬಾಯಿಗೆ ಹೋದಂತೆ. ಆ ಅಂಕಿಯನ್ನು ಎಲ್ಲ ಕಡೆಗೂ ಅನ್ವಯಿಸಬಾರದೆಂಬುದು ಸರಿ. ಇಟಲಿಯ ಮೀಥೇನನ್ನು ಭಾರತಕ್ಕೆ ಹಚ್ಚಿದ ತಪ್ಪನ್ನೇ ಮತ್ತೆ ಮಾಡಿದಂತಾದೀತು. ನೀರಿನ ಹತೋಟಿಯನ್ನು ಗೊಬ್ಬರದ ಹತೋಟಿಯಿಂದ ಬೇರ್ಪಡಿಸಿ ಅಳೆಯಲಾಗದೆಂಬಷ್ಟು ಮಾತ್ರ ಅದರಿಂದ ಸಿದ್ಧವಾಗುತ್ತದೆ.

ನೀರಿನ ಲೆಕ್ಕಕ್ಕೆ ಬೇರೆಯೇ ಶಾಸ್ತ್ರವಿದೆ. ನೆದರ್ಲೆಂಡಿನ ಆರ್ಯೆನ್ ಹುಕ್‌ಸ್ಟ್ರಾ ೨೦೦೨ರಲ್ಲಿ ಜಲದ ಹೆಜ್ಜೆಗುರುತು ಎಂಬ ಕಲ್ಪನೆಯನ್ನು ತಂದು, ಮಳೆಯಿಂದ ಮಣ್ಣಿನಲ್ಲಿ ನಿಂತದ್ದನ್ನು ಹಸಿರು ನೀರೆಂದೂ, ನದಿ ಕೆರೆ ಬಾವಿಗಳಿಂದ ತೆಗೆದದ್ದನ್ನು ನೀಲಿ ನೀರೆಂದೂ, ಮಾಲಿನ್ಯವನ್ನು ತಿಳಿಗೊಳಿಸಲು ಬೇಕಾದದ್ದನ್ನು ಬೂದು ನೀರೆಂದೂ ವಿಂಗಡಿಸಿದರು. ಜಾಗತಿಕ ಸರಾಸರಿಯಲ್ಲಿ ಒಂದು ಕಿಲೋ ಭತ್ತಕ್ಕೆ ೧,೩೨೫ ಲೀಟರು. ಅದರಲ್ಲಿ ಹಸಿರು ಶೇಕಡಾ ೪೮, ನೀಲಿ ೪೪, ಬೂದು ೮. ಅಕ್ಕಿಗೆ ಎರಡೂವರೆ ಸಾವಿರ ಲೀಟರು ಎಂದು ಪತ್ರಿಕೆಗಳಲ್ಲಿ ಕಾಣುವ ಮಾತು ಈ ಮೂರನ್ನೂ ಕಲಸಿ ಹೇಳಿದ್ದು. ಮಲೆನಾಡಿನ ಮಕ್ಕಿಗದ್ದೆಯ ಭತ್ತ ಕುಡಿಯುವುದು ಹೇಗೂ ಸುರಿಯುವ ಮಳೆಯನ್ನು. ಗಂಗಾವತಿ, ಸಿರುಗುಪ್ಪಗಳ ಭತ್ತ ಕುಡಿಯುವುದು ತುಂಗಭದ್ರೆಯನ್ನು. ಎರಡಕ್ಕೂ ಒಂದೇ ಅಂಕಿಯನ್ನು ಅಂಟಿಸಿದರೆ ಏನು ತಿಳಿದಂತಾಯಿತು?

ತುಂಗಭದ್ರಾ ಅಚ್ಚುಕಟ್ಟಿನ ಸಂಗತಿ ಇನ್ನೂ ಕೆಲವನ್ನು ಹೇಳುತ್ತದೆ. ೧೯೫೩ರಲ್ಲಿ ನೀರು ಹರಿಸಲಾರಂಭಿಸಿದ ಈ ಯೋಜನೆಯ ಎಡದಂಡೆ, ಬರಪೀಡಿತ ರಾಯಚೂರು ಸೀಮೆಯ ಜೋಳ ಹತ್ತಿಗಳಂತಹ ಬೆಳೆಗಳಿಗೆ ತೆಳುವಾಗಿ ನೀರು ಹಂಚುವ ಉದ್ದೇಶದಿಂದ ರೂಪುಗೊಂಡಿತ್ತು. ಕಾಲುವೆಯ ತಲೆಭಾಗದಲ್ಲಿ ಭತ್ತ ಹಬ್ಬಿ, ಬಾಲಭಾಗದವರಿಗೆ ನೀರು ಮುಟ್ಟದಾಯಿತು. ನೀರು ಸದಾ ನಿಂತ ಕಡೆಗಳಲ್ಲಿ ನೆಲ ಜವಳಾಗಿ, ಉಪ್ಪೇರಿ ಚೌಳಾಯಿತು. ಒಂದು ಕಿಲೋ ಭತ್ತದ ಇಂಗಾಲಭಾರವನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಈ ಎರಡರಲ್ಲಿ ಒಂದೂ ಅದರೊಳಗೆ ಕಾಣಿಸದು. ನೀರನ್ನು ಆಗಾಗ ಬಸಿಯಿರೆಂದು ರೈತನಿಗೆ ಉಪದೇಶಿಸುವುದು ಸುಲಭ. ಮುಂದಿನ ಸರದಿಯ ನೀರು ಬರುವುದೋ ಇಲ್ಲವೋ ಎಂಬ ಭಯವಿರುವವನು ಬಂದಾಗಲೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ರಾಯಚೂರು, ಕೊಪ್ಪಳಗಳ ಕಡೆ ಕೆಸರು ಮಾಡದೆ ಒಣಮಣ್ಣಿಗೇ ಬಿತ್ತುವ ಕೂರಿಗೆ ಭತ್ತವನ್ನು ಹಲವರು ಕೈಗೊಂಡಿರುವುದು ಅನಿಲದ ಲೆಕ್ಕ ತಿಳಿದಲ್ಲ. ನಾಟಿಯ ಕೂಲಿಯೂ ನೀರೂ ಉಳಿಯುತ್ತದೆಂದು.

ಭಾರವನ್ನು ಹಂಚುವ ಸಮಸ್ಯೆಯೂ ಒಂದುಂಟು. ಗದ್ದೆ ಭತ್ತವನ್ನಷ್ಟೇ ಕೊಡದೆ ಹುಲ್ಲನ್ನೂ ಕೊಡುತ್ತದೆ. ಹುಲ್ಲು ತಿಂದ ಹಸು ಹಾಲನ್ನೂ ಸಗಣಿಯನ್ನೂ ಹೋರಿಕರುವನ್ನೂ ಕೊಡುತ್ತದೆ. ಸಗಣಿ ಮತ್ತೆ ಗದ್ದೆಗೆ ಗೊಬ್ಬರವಾಗಿ ಬರುತ್ತದೆ. ಈ ಚಕ್ರದ ಮೀಥೇನನ್ನು ಯಾವುದರ ಖಾತೆಗೆ ಎಷ್ಟು ಬರೆಯಬೇಕು? ಪಾಶ್ಚಾತ್ಯ ಲೆಕ್ಕಗಾರರು ಬಹುಮಟ್ಟಿಗೆ ಮಾರುಕಟ್ಟೆಯ ಬೆಲೆಯಂತೆ ಅಥವಾ ಪ್ರೋಟೀನಿನಂತೆ ಹಂಚುತ್ತಾರೆ. ಬೆಲೆಯೇ ಇಲ್ಲದ ಸಗಣಿ, ಉಳುಮೆಗಳಿಗೆ ಆಗ ಶೂನ್ಯ ಪಾಲು ಬಂದು, ಎಲ್ಲ ಭಾರವೂ ಹಾಲಿನ ಮೇಲೆ ಬೀಳುತ್ತದೆ. ಆಹಾರದ ಗುಣವನ್ನು ತೂಗುವಲ್ಲಿಯೂ ಇದೇ ಕಷ್ಟ. ರಾಗಿಗೆ ನಿಂತ ನೀರು ಬೇಡ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದ್ದರೆ, ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತರ ಸುಮಾರು. ಕಿಲೋಗೆ ಕಿಲೋ ಇಟ್ಟು ತೂಗಿದಾಗ ಈ ವ್ಯತ್ಯಾಸ ಮರೆಯಾಗುತ್ತದೆ.

ಈಚೆಗೆ ಈ ಅಳತೆಗಳಿಗೆ ಹಣದ ಬೆಲೆಯೂ ಬಂದಿದೆ. ಗದ್ದೆಯಲ್ಲಿ ಮೀಥೇನ್ ಇಳಿಸಿದ್ದಾಗಿ ಪ್ರಮಾಣೀಕರಿಸಿ, ಆ ಇಳಿಕೆಯನ್ನು ಕಂಪನಿಗಳಿಗೆ ಮಾರುವ ವ್ಯವಹಾರ ನಡೆದಿದೆ. ಇಂತಹ ಪ್ರಮಾಣಪತ್ರಗಳನ್ನು ನೀಡುವ ವೆರಾ ಎಂಬ ಅಮೆರಿಕದ ಸಂಸ್ಥೆ, ಚೀನಾದ ೩೭ ಭತ್ತದ ಯೋಜನೆಗಳನ್ನು ಪರಿಶೀಲಿಸಿ ೨೦೨೪ರಲ್ಲಿ ತಿರಸ್ಕರಿಸಿತು. ಭಾರತದ ೨೦೧೫–೧೬ರ ಕೃಷಿಗಣತಿಯಂತೆ ಶೇಕಡಾ ೮೬ರಷ್ಟು ಹಿಡುವಳಿಗಳು ಎರಡು ಹೆಕ್ಟೇರಿಗಿಂತ ಕಡಿಮೆಯವು. ಇಂತಹ ತುಂಡುತುಂಡು ಗದ್ದೆಗಳಲ್ಲೆಲ್ಲ ಪೆಟ್ಟಿಗೆಯಿಟ್ಟು ಅಳೆಯುವುದು ಅಸಾಧ್ಯ. ೨೦೧೭ರಲ್ಲಿ ಯೂರೋಪಿನವರು ಹಾರಿಸಿದ ಉಪಗ್ರಹವೊಂದು ಮೇಲಿನಿಂದ ಮೀಥೇನನ್ನು ಗುರುತಿಸುತ್ತಿದೆಯಾದರೂ, ಅದರ ಕಣ್ಣಿಗೆ ಕಾಣುವ ಅತಿ ಸಣ್ಣ ಚೌಕವೇ ಹಲವು ಕಿಲೋಮೀಟರು ಅಗಲದ್ದು. ಅಷ್ಟರೊಳಗೆ ಗದ್ದೆಯೂ ದನವೂ ಚರಂಡಿಯೂ ಕೂಡಿಯೇ ಇರುತ್ತವೆ. ಆದಕಾರಣ ಸದ್ಯಕ್ಕೆ ಗುಣಕಗಳನ್ನೇ ಅವಲಂಬಿಸಬೇಕಾಗಿದೆ. ಅಂತಹ ಗುಣಕ ತುಂಗಭದ್ರೆಯ ಕರಿಮಣ್ಣಿಗೆ ಒಂದು, ಕರಾವಳಿಯ ಬೈಲುಗದ್ದೆಗೆ ಇನ್ನೊಂದು, ಮಂಡ್ಯದ ಕೆಮ್ಮಣ್ಣಿಗೆ ಮತ್ತೊಂದು ಆಗಬೇಕಾಗುತ್ತದೆ. ಅವನ್ನು ಕಂಡುಕೊಳ್ಳಲು ೧೯೯೧ರಲ್ಲಿ ಮಾಡಿದಂತೆ ಪೆಟ್ಟಿಗೆಯನ್ನು ಹೊತ್ತು ಕೆಸರಿಗೆ ಇಳಿಯುವ ಕೆಲಸ ಹಂಗಾಮು ಹಂಗಾಮಿಗೂ ನಡೆಯಬೇಕಾಗುತ್ತದೆ.